ಬಾರಕೂರಿನಲ್ಲಿ ಫೋಟೋ ತೆಗೆಯಲು ಏನಿದೆ?

ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ವಾರ ಅವಳ ಮಾವ ತನ್ನ ಹಳೆಯ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟುಹೋದ. ಅಂದಿನಿಂದ ನಮ್ಮ ಭಾನುವಾರಗಳೆಲ್ಲ ಆ ಕ್ಯಾಮೆರಾದ ಪಾಲಾದವು. ಮೊದಲ ಭಾನುವಾರ ಕಾರ್ಕಳ, ಎರಡನೆಯದು ಕಾಪು, ಮೂರನೆಯದು ಬಾರಕೂರು. ಮಣಿಪಾಲದ ನಮ್ಮ ಮನೆಯಿಂದ ಮೂರೂ ಒಂದು ಗಂಟೆಯೊಳಗಿನ ದಾರಿ. ಅಮ್ಮ, ನನ್ನ ಹೆಂಡತಿ, ಮಗಳು, ನಾನು, ಜೊತೆಗೊಂದು ಬುತ್ತಿ.

ಕಾರ್ಕಳದಲ್ಲಿ ಮಗಳಿಗೆ ಯಾವ ಕಷ್ಟವೂ ಆಗಲಿಲ್ಲ. ಬಂಡೆಯ ಬೆಟ್ಟ, ಅದರ ಮೇಲೆ 42 ಅಡಿಯ ಗೊಮ್ಮಟ, ಹಿಂದೆ ಆಕಾಶ. 1432ರ ಫೆಬ್ರವರಿಯಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠೆ ಮಾಡಿಸಿದ ಆ ವಿಗ್ರಹವನ್ನು ಎಲ್ಲಿಂದ ಹಿಡಿದರೂ ಒಂದು ಫೋಟೋ ಆಗುತ್ತದೆ. ಎದುರಿನ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಹಾಗಾಗಿ ಎಲ್ಲಿ ನಿಂತರೂ ಎದುರಿನಲ್ಲೇ ನಿಂತಂತೆ. ಕಾಪುವಿನಲ್ಲಿ ಇನ್ನೂ ಸುಲಭ. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಕೆಳಗೆ ಬಂಡೆಗೆ ಬಡಿಯುವ ತೆರೆ, ಹಿಂದೆ ಮುಳುಗುವ ಸೂರ್ಯ. ಆ ಸಂಜೆ ಅಲ್ಲಿದ್ದ ನೂರಾರು ಜನರ ಮೊಬೈಲುಗಳಲ್ಲೂ ಅದೇ ಚಿತ್ರ ಇತ್ತು.

ಮೂರನೆಯ ಭಾನುವಾರ ಬಾರಕೂರಿನಲ್ಲಿ ಕಾರಿನಿಂದ ಇಳಿದ ಹತ್ತು ನಿಮಿಷಕ್ಕೆ ಮಗಳು ಕ್ಯಾಮೆರಾ ಕೆಳಗಿಳಿಸಿ ಕೇಳಿದಳು: "ಅಪ್ಪಾ, ನೀವು ದೊಡ್ಡ ಬಂದರು ಅಂದಿದ್ದಿರಲ್ಲ, ಎಲ್ಲಿದೆ? ಇಲ್ಲಿ ಫೋಟೋ ತೆಗೆಯಲಿಕ್ಕೆ ಏನಿದೆ?"

ನ್ಯಾಯವಾದ ಪ್ರಶ್ನೆ. ತೆಂಗು, ಗದ್ದೆ, ಮುರಕಲ್ಲಿನ ಪಾಗಾರ, ಅಲ್ಲೊಂದು ಇಲ್ಲೊಂದು ದೇವಸ್ಥಾನ. ಹತ್ತಿರದಲ್ಲೇ ಸೀತಾ ನದಿ ಸದ್ದಿಲ್ಲದೆ ಹರಿಯುತ್ತದೆ. ಕಡಲು ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ಈ ಊರು ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿತ್ತು, ಅರಬ್ಬೀ ಸಮುದ್ರದ ಆಚೆಗೂ ಇದರ ಹೆಸರು ಗೊತ್ತಿತ್ತು ಎಂದು ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಅದಕ್ಕೆ ಸಾಕ್ಷಿಯಾಗಿ ತೋರಿಸಲು ಎತ್ತರದ್ದೊಂದೂ ಅಲ್ಲಿರಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ದಿನ ಸಂಜೆಯವರೆಗೆ ಸುತ್ತಿದೆವು. ಈ ಬರಹ ಆ ಸುತ್ತಾಟದ್ದು.

ಮೊದಲು ನೀರಿನ ಮಾತು. ನಮ್ಮ ಕರಾವಳಿಯ ಹಳೆಯ ಬಂದರುಗಳು ಕಡಲ ದಂಡೆಯ ಮೇಲಿದ್ದವಲ್ಲ, ನದಿಯ ಒಳಗಿದ್ದವು. ಮಳೆಗಾಲದ ಕಡಲಿಗೆ ಎದುರಾಗಿ ಮಂಜಿ, ಹಡಗುಗಳನ್ನು ನಿಲ್ಲಿಸುವುದು ಸಾಧ್ಯವಿಲ್ಲ. ಅಳಿವೆಯ ಮೂಲಕ ಒಳಬಂದು ನದಿಯ ಮರೆಯಲ್ಲಿ ಲಂಗರು ಹಾಕಿದರೆ ಗಾಳಿಯಿಂದಲೂ ಕಡಲ್ಗಳ್ಳರಿಂದಲೂ ರಕ್ಷಣೆ. ಘಟ್ಟದಿಂದ ಇಳಿದು ಬರುವ ಸರಕು ಮತ್ತು ಬಯಲಿನ ಅಕ್ಕಿ ಅಲ್ಲಿಗೇ ಬಂದು ಸೇರುತ್ತಿತ್ತು. ವಾರಾಹಿಯ ದಂಡೆಯ ಬಸರೂರು ಹೀಗೆ ಬೆಳೆಯಿತು, ಸೀತೆಯ ದಂಡೆಯ ಬಾರಕೂರೂ ಹೀಗೆಯೇ. ಸೀತಾ ಮತ್ತು ಸ್ವರ್ಣಾ ನದಿಗಳೆರಡೂ ಹಂಗಾರಕಟ್ಟೆ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಒಟ್ಟಾಗಿ ಕಡಲಿಗೆ ಸೇರುತ್ತವೆ. ಬಾರಕೂರಿನ ಬಾಗಿಲು ಅದು. ಮನೆ ಮಾತ್ರ ಒಳಗೆ.

ಆ ಬಾಗಿಲಿನಿಂದ ಒಳಬಂದವರಲ್ಲಿ ಒಬ್ಬ ಬರೆದಿಟ್ಟುಹೋಗಿದ್ದಾನೆ. ಮೊರಾಕ್ಕೊ ದೇಶದ ಇಬ್ನ್ ಬತೂತ 1342ರಲ್ಲಿ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು ಈ ಕರಾವಳಿಯುದ್ದಕ್ಕೂ ಇಳಿದು ಬಂದ. ಹೊನ್ನಾವರ, ಬಸರೂರು ದಾಟಿ ಅವನು ತಲುಪಿದ ಊರನ್ನು ಅರಬ್ಬಿಯಲ್ಲಿ 'ಫಾಕನೂರ್' ಎಂದು ಬರೆದಿದ್ದಾನೆ. ಅದೇ ನಮ್ಮ ಬಾರಕೂರು. ದೊಡ್ಡದೊಂದು ಕಯ್ಯ ದಂಡೆಯ ಊರು, ಎಲ್ಲೂ ಕಾಣದಷ್ಟು ಒಳ್ಳೆಯ ಕಬ್ಬು, ಮುಸ್ಲಿಮರ ಒಂದು ವಸತಿ, ಅವರಿಗೊಬ್ಬ ಖಾಜಿ, ಶುಕ್ರವಾರದ ಪ್ರಾರ್ಥನೆಗೆ ಒಂದು ಮಸೀದಿ ಎಂದು ಅವನ ವರ್ಣನೆ. ಅರಸನ ಹೆಸರನ್ನು 'ಬಾಸದೇವ' ಎಂದು ಹೇಳುತ್ತಾನೆ. ಆ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳು. ಅವುಗಳ ನಾಯಕ ಒಬ್ಬ ಮುಸ್ಲಿಂ, ಹೆಸರು ಲೂಲಾ. ಆ ನಾಯಕ ಕಡಲ್ಗಳ್ಳನೆಂದೂ ವ್ಯಾಪಾರಿಗಳನ್ನು ದೋಚುತ್ತಾನೆಂದೂ ದೂರುತ್ತಾನೆ.

ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಅವನು ವಿವರಿಸುವ ಒಂದು ಪದ್ಧತಿ. ಈ ಊರನ್ನು ಹಾದುಹೋಗುವ ಪ್ರತಿ ಹಡಗೂ ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಕೊಡದೆ ಹೋದವರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಎರಡು ಪಟ್ಟು ವಸೂಲಿ ಮಾಡಿ, ಬೇಕಾದಷ್ಟು ದಿನ ತಡೆದಿಡುತ್ತಾರೆ. ಲೂಲಾನನ್ನು ಕಳ್ಳ ಎಂದು ಕರೆದವನೇ ಎರಡು ಸಾಲಿನಾಚೆ ಇದನ್ನು ಹಕ್ಕು ಎಂದು ಕರೆಯುತ್ತಾನೆ. ಕಡಲಿನಲ್ಲಿ ಸುಂಕ ಮತ್ತು ಸುಲಿಗೆಯ ನಡುವಿನ ಗೆರೆ ಎಷ್ಟು ತೆಳು ಎಂಬುದು ಅವನಿಗೆ ಗೊತ್ತಿಲ್ಲದೆಯೇ ಅವನ ಬರಹದಲ್ಲಿ ದಾಖಲಾಗಿದೆ.

ಅವನು ಹೇಳದ ಒಂದು ಸಂಗತಿಯನ್ನು ಶಾಸನಗಳು ಹೇಳುತ್ತವೆ. ಅದೇ 14ನೆಯ ಶತಮಾನದ ನಡುಭಾಗದಲ್ಲಿ ಈ ಸೀಮೆಯಲ್ಲಿ ಅಧಿಕಾರ ನಡೆಸಿದವಳು ಹೊಯ್ಸಳ ಮುಮ್ಮಡಿ ಬಲ್ಲಾಳನ ಪಟ್ಟದರಾಣಿ ಚಿಕ್ಕಾಯಿತಾಯಿ. ಆಳುಪ ಅರಸರ ಬಿರುದುಗಳನ್ನೇ ಧರಿಸಿದ ರಾಣಿ. ಪ್ರವಾಸಿಯ ಕಥನದಲ್ಲಿ ಅವಳಿಲ್ಲ. ಶಿಲಾಶಾಸನದಲ್ಲಿ ಲೂಲಾ ಇಲ್ಲ. ಬಾರಕೂರನ್ನು ತಿಳಿಯಲು ಎರಡೂ ಬೇಕು.

ಅಷ್ಟು ಹೊತ್ತಿಗೆ ಮಗಳು ಗೊಣಗುವುದನ್ನು ನಿಲ್ಲಿಸಿ ಏನನ್ನೋ ಹಿಡಿಯತೊಡಗಿದ್ದಳು. ನೋಡಿದರೆ ಬಸ್ ತಂಗುದಾಣದ ಬೋರ್ಡು. ಮೂಡುಕೇರಿ. ಅದರಾಚೆ ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ, ರಂಗನಕೇರಿ. "ಇದೇನು, ಹಳ್ಳಿಯಲ್ಲಿ ಇಷ್ಟೊಂದು ಕೇರಿ?" ಎಂದಳು.

ಬಂದರಿನ ಬಾಗಿಲು ಸಿಕ್ಕಿದ್ದು ಆಗ. ಹಳ್ಳಿಗೆ ಕೇರಿಗಳ ಅಗತ್ಯವಿಲ್ಲ; ಪಟ್ಟಣಕ್ಕೆ ಬೇಕು. ವಿಜಯನಗರ ಕಾಲದ ಶಾಸನಗಳು ಬಾರಕೂರನ್ನು ಹೆಸರಿಸುವಾಗ 'ಹತ್ತು ಕೇರಿಯ ಹಲರು' ಎನ್ನುತ್ತವೆ. ಹಲರು ಎಂದರೆ ಹಲವರು, ಅಂದರೆ ಕೇರಿಯ ವರ್ತಕ ಸಮೂಹ. ಒಂದು ದೇವಸ್ಥಾನಕ್ಕೆ ದಾನ ಕೊಟ್ಟರೆ ಸಾಕ್ಷಿಗೆ ಅವರಿರುತ್ತಾರೆ, ಒಪ್ಪಂದವಾದರೆ ಅದರಲ್ಲಿ ಅವರ ಮಾತಿರುತ್ತದೆ. ಈ ಕರಾವಳಿಯ ಶಾಸನಗಳಲ್ಲಿ ಇನ್ನೊಂದು ಪದವೂ ಬರುತ್ತದೆ, 'ಹಂಜಮಾನ'. ಪಾರ್ಸಿಯ ಅಂಜುಮನ್ ಕನ್ನಡದ ಬಾಯಿಗೆ ಬಂದು ಹಂಜಮಾನವಾಗಿದೆ. ಪಶ್ಚಿಮ ಏಷ್ಯಾದಿಂದ ಬಂದು ನೆಲೆಸಿದ ವರ್ತಕರ ಸಂಘ ಅದು. ಅರಸರು ಬದಲಾದರೂ ಹಲರು, ಹಂಜಮಾನಗಳು ಊರಿನಲ್ಲಿ ಉಳಿದವು. ಈ ಊರಿನ ಹೆಸರಿನ ನಾಣ್ಯವೇ ಇತ್ತು. ಲೆಕ್ಕ ಹೇಳುವಾಗ ಶಾಸನಗಳು 'ಬಾರಕೂರು ಗದ್ಯಾಣ' ಎಂದು ಬೇರೆಯಾಗಿ ಹೇಳುತ್ತವೆ. ವಿಜಯನಗರದವರು ತುಳುನಾಡನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡಾಗಿ ಆಳಿದರು. ಮಂಗಳೂರು ಇಂದು ಏನಾಗಿದೆ ಎಂದು ಯೋಚಿಸಿದರೆ ಬಾರಕೂರು ಅಂದು ಏನಾಗಿತ್ತು ಎಂಬ ಅಂದಾಜು ಸಿಗುತ್ತದೆ.

ಇಂದು ಅದೇ ಕೇರಿಗಳ ಹೆಸರುಗಳು ಬಸ್ ನಿಲ್ದಾಣದ ಬೋರ್ಡುಗಳಲ್ಲಿ, ಮದುವೆಯ ಕಾಗದಗಳಲ್ಲಿ, ಅಂಚೆಯ ವಿಳಾಸಗಳಲ್ಲಿ ಉಳಿದಿವೆ. ಕೋಟೆ ಕುಸಿದಿದೆ, ಕಂದಕದಲ್ಲಿ ಹುಲ್ಲು ಬೆಳೆದಿದೆ, ಆದರೆ ಕೋಟೆಕೇರಿ ಎಂಬ ಹೆಸರು ಗಟ್ಟಿಯಾಗಿದೆ. ಭಂಡಾರ ಇಲ್ಲ, ಭಂಡಾರಕೇರಿ ಇದೆ. ಮಗಳು ಆರು ಬೋರ್ಡುಗಳ ಫೋಟೋ ತೆಗೆದಳು. ಕಾಪುವಿನ ದೀಪಸ್ತಂಭದಂತೆ ಅವು ಗೋಡೆಗೆ ಹಾಕುವ ಚಿತ್ರಗಳಲ್ಲ. ಆದರೂ ಆ ದಿನದ ಮೊದಲ ನಿಜವಾದ ಚಿತ್ರಗಳು ಅವೇ.

ಕತ್ತಲೆ ಬಸದಿಯ ಅಂಗಳದಲ್ಲಿ ಬುತ್ತಿ ಬಿಚ್ಚುವ ಮುನ್ನ ಅಮ್ಮ ಬಾರಕೂರಿನ ಭೂತಾಳ ಪಾಂಡ್ಯನ ಕಥೆ ಹೇಳಿದರು. ಅರಸ ಹೊಸ ಹಡಗುಗಳನ್ನು ನೀರಿಗಿಳಿಸಲು ಹೊರಟಾಗ ಕುಂಡೋದರ ಭೂತ ತಡೆದು ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿ ಹಡಗು ಬಿಟ್ಟಿತು. ಅಂದಿನಿಂದ ಆಸ್ತಿ ಅಳಿಯನಿಗೆ, ಅದೇ ಅಳಿಯಸಂತಾನ. ಇತಿಹಾಸಕಾರರು ಇದನ್ನು ನಡೆದ ಘಟನೆಯೆಂದು ಒಪ್ಪುವುದಿಲ್ಲ. ಆದರೆ ಒಂದು ಸಮಾಜ ತನ್ನ ಆಸ್ತಿ ಹಕ್ಕಿನ ಮೂಲವನ್ನು ಹೇಳುವಾಗ ಗದ್ದೆಯಿಂದ ಆರಂಭಿಸದೆ ಹಡಗಿನಿಂದ ಆರಂಭಿಸಿತು ಎಂಬುದನ್ನು ಗಮನಿಸಬೇಕು. ಉಡುಪಿಯ ಕೃಷ್ಣನ ಕಥೆಯೂ ಹಾಗೆಯೇ. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಅಪಾಯಕ್ಕೆ ಸಿಲುಕಿತು, ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರು, ಅದರೊಳಗಿನ ಗೋಪೀಚಂದನದ ಗಡ್ಡೆಯಲ್ಲಿ ವಿಗ್ರಹ ದೊರೆಯಿತು ಎಂಬುದು ಪ್ರತೀತಿ. ನಮ್ಮ ದೇವರೂ ನಮ್ಮ ಕಾನೂನೂ ಸರಕಿನ ಜೊತೆಗೇ ಬಂದಿಳಿದಿವೆ.

ಸರಕು ಎಂದರೆ ಏನು? ಕರಾವಳಿ ಎಂದೊಡನೆ ಕಾಳುಮೆಣಸು ಎನ್ನುತ್ತೇವೆ. ಬಾರಕೂರು, ಬಸರೂರುಗಳ ಹಡಗುಗಳನ್ನು ತುಂಬಿಸಿದ್ದು ಹೆಚ್ಚಾಗಿ ಅಕ್ಕಿ. 16ನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸ ಬಸರೂರನ್ನೂ ಬಾರಕೂರನ್ನೂ ಒಟ್ಟಿಗೆ ಹೆಸರಿಸಿ, ಇಲ್ಲಿಂದ ಮಲಬಾರಿಗೂ ಬೇರೆಡೆಗೂ ಹೋಗುವ ಅಕ್ಕಿಯ ಮಾತನ್ನೇ ಆಡುತ್ತಾನೆ. ಈ ಕರಾವಳಿಯ ಅಕ್ಕಿಯ ತಳಿಗಳಿಗೆ ಅವನು ಕೊಡುವ ಹೆಸರುಗಳಲ್ಲಿ ಎರಡು ಗಿರಸಾಲ್ ಮತ್ತು ಪಚ್ಚರಿ. ಮೊದಲನೆಯದು ಜೀರಸಾಲ ಎಂದು ಅಮ್ಮನಿಗೆ ಕೇಳಿದೊಡನೆ ಗೊತ್ತಾಯಿತು. ಆ ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಗುಂಡಗೆ ಬಿಗಿದು ಕಟ್ಟುತ್ತಾರೆ, ಒಬ್ಬ ಆಳು ಒಂದನ್ನು ಹೊರಬಹುದು ಎಂದೂ ಅವನು ಬರೆದಿದ್ದಾನೆ.

"ಮುಡಿಯಲ್ಲವಾ ಅದು?" ಎಂದರು ಅಮ್ಮ.

ಮುಡಿಯೇ. ಒಂದು ಮುಡಿಗೆ ಮೂರು ಕಳಸೆ, ಅಂದರೆ 42 ಸೇರು. ಕಾಪುವಿನ ಬಳಿಯ ತವರಿನಲ್ಲಿ ತಮ್ಮ ಅಪ್ಪ ಮುಡಿ ಕಟ್ಟುತ್ತಿದ್ದುದನ್ನು, ಹುಲ್ಲಿನ ಹಗ್ಗವನ್ನು ಕಾಲಿನಿಂದ ಒತ್ತಿ ಬಿಗಿಯುತ್ತಿದ್ದುದನ್ನು ಅಮ್ಮ ಕೈಸನ್ನೆ ಮಾಡಿ ತೋರಿಸಿದರು. ಗೇಣಿಯನ್ನು ಮುಡಿಯ ಲೆಕ್ಕದಲ್ಲೇ ಕೊಡುತ್ತಿದ್ದರು. ತೇವವೂ ಹುಳವೂ ಒಳಗೆ ಹೋಗದಂತೆ ಅಕ್ಕಿಯನ್ನು ಕಾಪಾಡುವ ಆ ಕಟ್ಟು ಮಳೆಗಾಲದ ಅಟ್ಟಕ್ಕೆ ಎಷ್ಟು ಒಪ್ಪುವುದೋ ಹಡಗಿನ ಹೊಟ್ಟೆಗೂ ಅಷ್ಟೇ ಒಪ್ಪುತ್ತದೆ. ಐನೂರು ವರ್ಷದ ಹಿಂದಿನ ರಫ್ತಿನ ಪೊಟ್ಟಣ ನಮ್ಮ ಮನೆಗಳಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಮಗಳು ಅಜ್ಜಿಯ ಕೈಗಳ ಫೋಟೋ ತೆಗೆದಳು. ಇಲ್ಲದ ಮುಡಿಯನ್ನು ಕಟ್ಟುತ್ತಿರುವ ಎರಡು ಕೈ.

ಬಂದರು ಒಂದೇ ದಿನ ಹೋಗಲಿಲ್ಲ. ಅಳಿವೆಯ ಬಾಯಿಗೆ ಹೊಯಿಗೆ ಬಂದು ಕೂರುವುದು, ಸರಿಯುವುದು ಈ ನದಿಗಳ ಸ್ವಭಾವ. ದೊಡ್ಡ ಹಡಗುಗಳ ಕಾಲ ಬಂದಾಗ ಆಳವಿಲ್ಲದ ನದಿ ಬಂದರುಗಳು ಹಿಂದೆ ಬಿದ್ದವು. ಪೋರ್ಚುಗೀಸರ ಕಣ್ಣು ಬಸರೂರಿನ ಅಕ್ಕಿಯ ಮೇಲಿತ್ತು, ಮಂಗಳೂರಿನ ಮೇಲಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಸೂರೆ ಮಾಡಿದ್ದೂ ಬಸರೂರನ್ನೇ. ದೋಚುವವರು ಸಂಪತ್ತು ಇರುವಲ್ಲಿಗೆ ಹೋಗುತ್ತಾರೆ. ಅಷ್ಟರಲ್ಲಿ ಬಾರಕೂರಿನ ಹೆಸರು ಮರೆಗೆ ಸರಿದಿತ್ತು.

ಮಧ್ಯಾಹ್ನ ಕಳೆದ ಮೇಲೆ ನಾನು ಅವರನ್ನು ಒಂದು ದೇವಸ್ಥಾನದ ಅಂಗಳಕ್ಕೆ ಕರೆದೊಯ್ದೆ. ಹೆಸರು ಬೇಡ. ಇಪ್ಪತ್ತೈದು ವರ್ಷದ ಹಿಂದೆ ಕಾಲೇಜಿನ ಗೆಳೆಯರೊಂದಿಗೆ ಬಂದಾಗ ಅಲ್ಲೊಂದು ಎದೆಯೆತ್ತರದ ಶಾಸನವನ್ನು ನೋಡಿದ್ದೆ. ಮೇಲೆ ಸೂರ್ಯ ಚಂದ್ರ, ನಡುವೆ ಲಿಂಗ, ಕೆಳಗೆ ಸಾಲು ಸಾಲು ಅಕ್ಷರ. ಮಗಳಿಗೆ ಅದನ್ನು ತೋರಿಸಬೇಕು, ಓರೆ ಬಿಸಿಲಿನಲ್ಲಿ ಹಿಡಿಯುವುದು ಹೇಗೆಂದು ಕಲಿಸಬೇಕು ಎಂದುಕೊಂಡಿದ್ದೆ. ನೇರ ಬಿಸಿಲಿನಲ್ಲಿ ಸವೆದ ಕಲ್ಲು ಬೋಳಾಗಿ ಕಾಣುತ್ತದೆ; ಬೆಳಗ್ಗೆ ಅಥವಾ ಸಂಜೆ ಬೆಳಕು ಪಕ್ಕದಿಂದ ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಹಚ್ಚುವುದು, ಉಜ್ಜುವುದು, ಸೀಮೆಸುಣ್ಣ ಬಳಿಯುವುದು ಯಾವುದೂ ಬೇಕಿಲ್ಲ. ಕಾದರೆ ಸಾಕು.

ಕಲ್ಲು ಅಲ್ಲೇ ಇತ್ತು. ಆದರೆ ಎದೆಯೆತ್ತರಕ್ಕಲ್ಲ, ಮೊಣಕಾಲೆತ್ತರಕ್ಕೆ. ಅಂಗಳವನ್ನು ಏರಿಸಿ ಸಿಮೆಂಟು ಹಾಕಿದ್ದರು. ಸೂರ್ಯ ಚಂದ್ರ, 'ಸ್ವಸ್ತಿಶ್ರೀ', ಕೆಳಗೆ ನಾಲ್ಕು ಸಾಲು, ಆಮೇಲೆ ನೆಲ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೇರಿಯ ಹಲರು ಸಾಕ್ಷಿ ನಿಂತರು, ಎಲ್ಲವೂ ಸಾಮಾನ್ಯವಾಗಿ ಬರುವುದು ಕೆಳಗಿನ ಸಾಲುಗಳಲ್ಲೇ. ಮಾಡಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಮಳೆಗಾಲದಲ್ಲಿ ಕೆಸರಾಗಬಾರದು, ಅಷ್ಟೆ.

ಮನೆಗೆ ಬಂದವನೇ ಹಳೆಯ ಆಲ್ಬಂ ತೆಗೆದೆ. ಆ ಕಲ್ಲಿನ ಫೋಟೋ ನನ್ನಲ್ಲಿ ಇತ್ತೆಂಬುದು ನೆನಪಿತ್ತು. ಸಿಕ್ಕಿತು. ರೀಲಿನ ಕ್ಯಾಮೆರಾದ ಚಿತ್ರ. ಅದರಲ್ಲಿ ನಾನು ಶಾಸನಕ್ಕೆ ಬೆನ್ನು ಕೊಟ್ಟು, ಕೈಕಟ್ಟಿ, ಕಾಲ ಮೇಲೆ ಕಾಲು ಹಾಕಿ ಒರಗಿ ನಿಂತಿದ್ದೇನೆ. ಇಂದು ಸಿಮೆಂಟಿನಡಿ ಇರುವ ಸಾಲುಗಳೆಲ್ಲ ಅಂದು ನನ್ನ ಅಂಗಿಯ ಹಿಂದೆ ಇವೆ. ಅಂಗಳದವರಿಗಿಂತ ಮೊದಲು ಆ ಅಕ್ಷರಗಳನ್ನು ಮುಚ್ಚಿದವನು ನಾನು. ಇತಿಹಾಸದ ವಿದ್ಯಾರ್ಥಿಯಾಗಿದ್ದಾಗಲೇ.

ಪುಣ್ಯಕ್ಕೆ ನನಗಿಂತ ಹೆಚ್ಚು ಜವಾಬ್ದಾರಿಯವರು ಈ ಊರಿಗೆ ಬಂದಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. 1901ರಲ್ಲಿ ಸರಕಾರದ ಶಾಸನ ಇಲಾಖೆಯವರು ಬಾರಕೂರು, ಬಸರೂರು, ಕಾರ್ಕಳ, ಮೂಡುಬಿದಿರೆಗಳ ಕಲ್ಲುಗಳನ್ನು ನಕಲು ಮಾಡಿದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಗಳೊಳಗೆ ಇಳಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಅಚ್ಚು. ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರ ಮೂಡುತ್ತದೆ, ಫೋಟೋದ ನೆಗೆಟಿವ್‌ನ ಹಾಗೆ. ಮುಂದೆ 1930ರ ದಶಕದಲ್ಲಿ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 7ನೆಯ ಸಂಪುಟದಲ್ಲಿ ಅವುಗಳ ಪಾಠ ಅಚ್ಚಾಯಿತು. ಕಾಪುವಿನ ಬಂಡೆಯ ಮೇಲೆ ದೀಪ ಎದ್ದ ವರ್ಷವೂ 1901 ಎಂಬುದು ಆಕಸ್ಮಿಕವಿರಬಹುದು. ಒಂದೆಡೆ ಹಾದುಹೋಗುವ ಹಡಗುಗಳಿಗೆ ಬೆಳಕು, ಇನ್ನೊಂದೆಡೆ ಹಡಗುಗಳೇ ಬಾರದ ಬಂದರಿನ ಕಲ್ಲುಗಳಿಗೆ ಕಾಗದ. ಮೊದಲನೆಯದರ ಮುಂದೆ ನಾವೆಲ್ಲ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ಎರಡನೆಯದು ಗ್ರಂಥಾಲಯದ ಕಪಾಟಿನಲ್ಲಿದೆ.

ಆ ಕೆಲಸವನ್ನು ಕ್ಯಾಮೆರಾ ಹಿಡಿದು ಮುಂದುವರಿಸಿದವರು ಕಾಪುವಿನ ಪಕ್ಕದ ಪಾದೂರಿನವರೇ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನ, ಬಸದಿ, ಭೂತಸ್ಥಾನಗಳನ್ನು ಊರೂರು ತಿರುಗಿ ನೋಡಿದರು. 1975ರಲ್ಲಿ ಹೊರಬಂದ ತುಳುವ ಇತಿಹಾಸದ ಅವರ ದೊಡ್ಡ ಇಂಗ್ಲಿಷ್ ಗ್ರಂಥದ ಚಿತ್ರಪುಟಗಳಲ್ಲಿ ವಿಗ್ರಹಗಳು ಸಾಲುಗಟ್ಟಿ ನಿಂತಿವೆ. ಪಕ್ಕದಲ್ಲಿ ಯಾರೂ ನಿಂತಿಲ್ಲ, ಯಾರೂ ಒರಗಿಲ್ಲ. ಜೀರ್ಣೋದ್ಧಾರದಲ್ಲಿ ಹಳೆಯ ಗುಡಿಗಳು ರೂಪ ಬದಲಿಸುತ್ತಿರುವ ಈ ದಿನಗಳಲ್ಲಿ ಅಂಥ ಒಂದೊಂದು ಚಿತ್ರವೂ ದಾಖಲೆ.

ನನ್ನ ಕಲ್ಲಿನ ಪಾಠ ಆ 7ನೆಯ ಸಂಪುಟದಲ್ಲಿ ಇದೆಯೇ ಎಂದು ಈಗ ಹುಡುಕುತ್ತಿದ್ದೇನೆ. ಉಳಿದಿರುವ ಮೇಲಿನ ನಾಲ್ಕು ಸಾಲುಗಳನ್ನು ಅಚ್ಚಿನ ಪುಟಗಳೊಂದಿಗೆ ಹೋಲಿಸುವುದೇ ದಾರಿ. ಅದಕ್ಕೆ ಬೇಕಾದದ್ದು ಮಗಳ ಚಿತ್ರ. ಆ ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ಅವಳು ಕಲ್ಲಿನ ಪಕ್ಕ ನೆಲಕ್ಕೆ ಕೂತು ಬೆಳಕು ಓರೆಯಾಗುವುದನ್ನು ಕಾದಳು. ಅಳತೆಗೆಂದು ಪಕ್ಕದಲ್ಲಿ ತನ್ನ ಸ್ಕೇಲನ್ನು ಇಟ್ಟು, ಹಿಡಿದ ದಿಕ್ಕು, ದಿನಾಂಕ, ಹೊತ್ತು ಎಲ್ಲವನ್ನೂ ಬರೆದುಕೊಂಡಳು. ನಾನು ಹೇಳಿಕೊಟ್ಟದ್ದು ಅರ್ಧ, ಉಳಿದದ್ದು ಅವಳೇ ಯೋಚಿಸಿದ್ದು.

ಕೊನೆಗೆ ಹಂಗಾರಕಟ್ಟೆಗೆ ಹೋದೆವು. ನದಿ ಕಡಲಿಗೆ ಸೇರುವಲ್ಲಿ ನೀರು ಅಗಲವಾಗಿ, ಬೆಳ್ಳಗೆ ಹರಡಿಕೊಂಡಿತ್ತು. ಮೀನಿನ ದೋಣಿಗಳು ಕಟ್ಟಿದ್ದವು. ಇಬ್ನ್ ಬತೂತನ ಹಡಗು ಬಂದದ್ದು ಈ ಕಡೆಯಿಂದ, ಅಕ್ಕಿಮುಡಿಗಳು ಹೋದದ್ದೂ ಈ ಕಡೆಗೇ ಎಂದು ತೋರಿಸಿದೆ. ಮಗಳು ಎರಡು ಫೋಟೋ ತೆಗೆದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು. ಬೆಳಗಿನ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ.

ಓದುಗರಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲೂ ಒಂದು ಹಳೆಯ ಆಲ್ಬಂ ಇರುತ್ತದೆ. ಮದುವೆಯಾದ ಹೊಸತರಲ್ಲಿ ದೇವಸ್ಥಾನಕ್ಕೆ ಹೋದದ್ದು, ಶಾಲೆಯ ಪ್ರವಾಸ, ಜಾತ್ರೆ, ಉಪನಯನ. ಅದನ್ನೊಮ್ಮೆ ತೆರೆದು, ಮುಂದೆ ನಿಂತವರನ್ನು ಬಿಟ್ಟು ಅವರ ಹಿಂದೆ ಏನಿದೆ ಎಂದು ನೋಡಿ. ಈಗಿಲ್ಲದ ಒಂದು ಮಾಡು, ಎತ್ತಿಟ್ಟ ಒಂದು ಮೂರ್ತಿ, ಹೂತುಹೋದ ಒಂದು ಶಾಸನ ಯಾರದೋ ಹೆಗಲಾಚೆ ಕಾಣಿಸಬಹುದು. ಕಂಡರೆ ಹಿಂಬದಿಯಲ್ಲಿ ಊರು, ವರ್ಷ ಬರೆದಿಡಿ, ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೆ ತೋರಿಸಿ. ನನ್ನ ಆಲ್ಬಮ್ಮಿನಲ್ಲಿ ಹಿಂದೆ ಇದ್ದದ್ದನ್ನು ನಾನೇ ಮುಚ್ಚಿ ನಿಂತಿದ್ದೇನೆ. ನಿಮ್ಮದರಲ್ಲಿ ಹಾಗಾಗಿರಲಿಕ್ಕಿಲ್ಲ.